ಮೊದಲು ಡಬ್ಬಿ, ಆಮೇಲೆ ಪೆಡಲ್: ಕಡಿಮೆ ದುಡ್ಡಿನಲ್ಲಿ ಬೇಸ್ ಗಿಟಾರಿಗೆ ಏನು ಕೊಳ್ಳಬೇಕು?

ಹೊಸದಾಗಿ ಬ್ಯಾಂಡ್ ಕಟ್ಟಿದಾಗ ಬೇಸ್ ಗಿಟಾರ್ ಯಾರ ಕೈಗೆ ಬರುತ್ತೆ ಅಂತ ನಿಮಗೆ ಗೊತ್ತೇ ಇದೆ. ಹಾಡುವವರು, ಲೀಡ್ ನುಡಿಸುವವರು, ಡ್ರಮ್ಸ್ ಬಾರಿಸುವವರು ಎಲ್ಲ ನಿಗದಿಯಾದ ಮೇಲೆ ಉಳಿದ ಒಬ್ಬರಿಗೆ "ನೀನು ಬೇಸ್ ನುಡಿಸು ಮಾರಾಯ, ನಾಲ್ಕೇ ತಂತಿ" ಅಂತ ಹೇಳಿ ಕೂರಿಸ್ತಾರೆ. ಆ ಪಾಪದವರು ಗಿಟಾರ್ ಕಲಿಯುತ್ತಾರೆ, ಮನೆಯಿಂದ ಸ್ವಲ್ಪ ದುಡ್ಡು ತರುತ್ತಾರೆ, ಬಣ್ಣಬಣ್ಣದ ಎರಡು ಪೆಡಲ್ ಕೊಳ್ಳುತ್ತಾರೆ. ಫೆಸ್ಟ್ ದಿನ ವೇದಿಕೆ ಏರಿದರೆ ಡ್ರಮ್ಸ್ ಕೇಳುತ್ತೆ, ಲೀಡ್ ಕೇಳುತ್ತೆ, ಬೇಸ್ ಮಾತ್ರ ಯಾರಿಗೂ ಕೇಳೋದಿಲ್ಲ.

ಇದು ಕೈಚಳಕದ ಕೊರತೆ ಅಲ್ಲ, ದುಡ್ಡು ಖರ್ಚು ಮಾಡಿದ ಕ್ರಮದ ತೊಂದರೆ. ನಮ್ಮ ಬಳಗದಲ್ಲಿ ಮುಂಡಗೋಡ, ಹಳಿಯಾಳ, ದಾಂಡೇಲಿ ಕಡೆಯವರೇ ಹೆಚ್ಚು. ರಜೆ ಬಂದರೆ ಪ್ರಾಕ್ಟೀಸ್ ಮುಂಡಗೋಡದಲ್ಲೇ. ಪೆಡಲ್, ಸ್ಪೀಕರ್ ಕಣ್ಣಾರೆ ನೋಡಿ ಕೊಳ್ಳಬೇಕೆಂದರೆ ಹುಬ್ಬಳ್ಳಿ ಬಸ್ ಹತ್ತಬೇಕು. ಅಂಗಡಿಯಲ್ಲಿ "ಇದು ತಗೊಳ್ರಿ, ಭಾಳ ಛಲೋ ಸೌಂಡ್ ಬರ್ತೈತಿ" ಅಂತ ಹೇಳ್ತಾರೆ. ಅದು ನಿಜವೂ ಇರಬಹುದು. ಆದರೆ ಯಾವ ಸೌಂಡ್, ಎಷ್ಟು ದೊಡ್ಡ ಜಾಗಕ್ಕೆ, ಯಾವ ಸ್ಪೀಕರಿನಲ್ಲಿ ಅಂತ ಕೇಳಲು ನಮಗೆ ಗೊತ್ತಿರಬೇಕು. ಆ ಪ್ರಶ್ನೆಗಳಿಗೆ ಬೇಕಾದ ಫಿಸಿಕ್ಸ್ ಅನ್ನು ನಾವೆಲ್ಲ ಮೊದಲ ವರ್ಷದಲ್ಲೇ ಓದಿ ಪರೀಕ್ಷೆ ಬರೆದಿದ್ದೇವೆ. ಇಲ್ಲಿ ಅದನ್ನೇ ಸ್ವಲ್ಪ ಬಳಸೋಣ.

ನಮ್ಮ ಸಲಹೆ ಒಂದೇ ಮಾತಿನಲ್ಲಿ: ಲೆಕ್ಕವನ್ನು ಗಾಳಿಯ ಕಡೆಯಿಂದ ಶುರು ಮಾಡಿ. ಮೊದಲು ಸ್ಪೀಕರ್ ಡಬ್ಬಿ, ಆಮೇಲೆ ಆಂಪ್ಲಿಫೈಯರ್, ಕೊನೆಗೆ ಪೆಡಲ್.

41 ಹರ್ಟ್ಜ್ ಅಂದರೆ ಎಷ್ಟು ದೊಡ್ಡದು?

ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ 'ಇ' ಸ್ವರ ಕೊಡುತ್ತೆ. ಅದರ ಆವರ್ತನ 41.2 ಹರ್ಟ್ಜ್. ಉಳಿದ ಮೂರು ಕ್ರಮವಾಗಿ 55, 73.4 ಮತ್ತು 98 ಹರ್ಟ್ಜ್. ಐದು ತಂತಿಯ ಬೇಸ್ ಆದರೆ ಕೆಳಗಿನ 'ಬಿ' 30.9 ಹರ್ಟ್ಜ್. ಶಬ್ದದ ವೇಗ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಅಂತ ಇಟ್ಟುಕೊಂಡರೆ 41.2 ಹರ್ಟ್ಜ್ ಅಲೆಯ ಉದ್ದ ಸುಮಾರು 8.4 ಮೀಟರ್. ಒಂದು ಟೆಂಪೊಗಿಂತ ಉದ್ದದ ಅಲೆಯನ್ನು ನಾವು ಅಂಗೈ ಅಗಲದ ಕಾಗದದ ಕೋನ್‌ನಿಂದ ಎಬ್ಬಿಸಬೇಕು.

ಸ್ಪೀಕರ್ ಕೋನ್ ಮಾಡುವ ಕೆಲಸ ಗಾಳಿ ತಳ್ಳುವುದು. ಎಷ್ಟು ಗಾಳಿ ತಳ್ಳುತ್ತೆ ಅನ್ನುವುದು ಕೋನ್‌ನ ವಿಸ್ತೀರ್ಣ ಮತ್ತು ಅದು ಮುಂದೆ ಹಿಂದೆ ಸರಿಯುವ ದೂರದ ಗುಣಲಬ್ಧ. ಇಲ್ಲೊಂದು ಕಠಿಣ ನಿಯಮ ಇದೆ: ಆವರ್ತನ ಅರ್ಧಕ್ಕೆ ಇಳಿದರೆ, ಅಷ್ಟೇ ಜೋರು ಶಬ್ದಕ್ಕೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 82 ಹರ್ಟ್ಜ್ ನುಡಿಸುವಾಗ 1 ಮಿಲಿಮೀಟರ್ ಸರಿದ ಕೋನ್, 41 ಹರ್ಟ್ಜ್‌ನಲ್ಲಿ 4 ಮಿಲಿಮೀಟರ್ ಸರಿಯಬೇಕು. ಅದಕ್ಕೇ ಡೊಳ್ಳು ಅಷ್ಟು ದೊಡ್ಡದು, ಖಂಜರ ಅಷ್ಟು ಚಿಕ್ಕದು. ಯಾವ ಪೆಡಲ್ ಕೂಡ ಈ ನಿಯಮವನ್ನು ತಪ್ಪಿಸಲಾರದು. ಪೆಡಲ್ ಇರೋದು ತಂತಿಯ ಕಡೆ, ಈ ತೊಂದರೆ ಇರೋದು ಗಾಳಿಯ ಕಡೆ.

ವಿಸ್ತೀರ್ಣದ ಅಂದಾಜು ಇಟ್ಟುಕೊಳ್ಳಿ. 8 ಇಂಚಿನ ಸ್ಪೀಕರಿನ ಕೆಲಸ ಮಾಡುವ ಭಾಗ ಸುಮಾರು 215 ಚದರ ಸೆಂ.ಮೀ., 10 ಇಂಚಿನದು 350, 12 ಇಂಚಿನದು 530, 15 ಇಂಚಿನದು 850. ಅಂದರೆ 15 ಇಂಚಿನ ಒಂದು ಸ್ಪೀಕರಿಗೆ 8 ಇಂಚಿನ ನಾಲ್ಕು ಸಮ. 10 ಇಂಚಿನ ಎರಡು ಸೇರಿದರೂ 15 ಇಂಚಿನ ಒಂದಕ್ಕಿಂತ ಸ್ವಲ್ಪ ಕಡಿಮೆ. "10 ಇಂಚು ಚುರುಕು, 15 ಇಂಚು ಮಂದ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಸ್ಪೀಕರಿನ ವಿನ್ಯಾಸ ಮತ್ತು ಡಬ್ಬಿಯ ಅಳತೆ ಸ್ವರದ ಗುಣವನ್ನು ಇಂಚಿಗಿಂತ ಹೆಚ್ಚಾಗಿ ನಿರ್ಧರಿಸುತ್ತವೆ.

ಮಠದ ಮಂತ್ರ, ಫೋನಿನ ಸ್ಪೀಕರ್

ಹಾಗಾದರೆ 41 ಹರ್ಟ್ಜ್ ಪೂರ್ತಿ ಕೊಡುವ ಬೀರುವಿನಷ್ಟು ದೊಡ್ಡ ಡಬ್ಬಿಯೇ ಬೇಕಾ? ಬೇಡ. ಯಾಕೆ ಬೇಡ ಅಂತ ತಿಳಿಯಲು ಮುಂಡಗೋಡದಲ್ಲೇ ಒಳ್ಳೆಯ ಉದಾಹರಣೆ ಇದೆ.

1966ರಲ್ಲಿ ಇಲ್ಲಿ ಟಿಬೆಟನ್ನರ ವಸಾಹತು ಶುರುವಾಯಿತು. ಟಿಬೆಟಿನ ದೊಡ್ಡ ಮಠಗಳಾದ ಗಾಂದೆನ್ ಮತ್ತು ದ್ರೆಪುಂಗ್ ಇವತ್ತು ನಮ್ಮ ಕ್ಯಾಂಪುಗಳಲ್ಲಿ ಮರುಸ್ಥಾಪನೆಯಾಗಿವೆ. ದ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳು ತಮ್ಮ ಬಹುಸ್ವರದ ಮಂತ್ರಪಠಣವನ್ನು ದೇಶವಿದೇಶಗಳಲ್ಲಿ ಕೇಳಿಸಿದ್ದಾರೆ. ಒಬ್ಬನೇ ಮನುಷ್ಯನ ಗಂಟಲಿನಿಂದ ಇಷ್ಟು ಕೆಳಗಿನ ಸ್ವರ ಹೇಗೆ ಬರುತ್ತೆ ಅಂತ ಕೇಳಿದವರಿಗೆ ಅಚ್ಚರಿಯಾಗುತ್ತೆ. ಈ ಬಗೆಯ ಹಾಡಿಕೆಯಲ್ಲಿ ಧ್ವನಿತಂತುಗಳ ಜೊತೆಗೆ ಅವುಗಳ ಮೇಲಿರುವ ಇನ್ನೊಂದು ಜೋಡಿ ಮಡಿಕೆಯೂ ಅದುರುತ್ತದೆ. ಧ್ವನಿತಂತು ಎರಡು ಸಲ ಅದುರುವಷ್ಟರಲ್ಲಿ ಆ ಮಡಿಕೆ ಒಂದು ಸಲ ಅದುರುತ್ತೆ. ಅಲೆಯ ಮಾದರಿ ಎರಡು ಸುತ್ತಿಗೊಮ್ಮೆ ಮರುಕಳಿಸುವುದರಿಂದ ಆವರ್ತನ ಅರ್ಧವಾಗಿ ಸ್ವರ ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ನಮ್ಮ ಕಿವಿ ಆ ಕೆಳಗಿನ ಸ್ವರವನ್ನು ಗುರುತಿಸುವುದು ಅದರ ಮೇಲೆ ಸಾಲಾಗಿ ನಿಂತ ಹಾರ್ಮೋನಿಕ್‌ಗಳ ಸಹಾಯದಿಂದ.

ಬೇಸ್ ಗಿಟಾರಿನದ್ದೂ ಇದೇ ಕತೆ. ದಪ್ಪ ತಂತಿ ಮೀಟಿದಾಗ 41 ಹರ್ಟ್ಜ್ ಜೊತೆಗೆ 82, 124, 165 ಹೀಗೆ ಹಾರ್ಮೋನಿಕ್‌ಗಳ ಸಾಲೇ ಹೊರಡುತ್ತೆ. ಮೂಲ ಆವರ್ತನ ಕ್ಷೀಣವಾಗಿದ್ದರೂ, ಹಾರ್ಮೋನಿಕ್‌ಗಳ ನಡುವಿನ ಅಂತರ 41 ಇದ್ದರೆ ಮಿದುಳು 41 ಅಂತಲೇ ತೀರ್ಮಾನಿಸುತ್ತೆ. ಇದನ್ನು 'ಕಾಣೆಯಾದ ಮೂಲಸ್ವರ' ಅಂತ ಕರೆಯಬಹುದು. ನಂಬಿಕೆ ಬರದಿದ್ದರೆ ಇವತ್ತೇ ಪರೀಕ್ಷಿಸಿ. 1981ರ 'ಗೀತಾ' ಚಿತ್ರಕ್ಕೆ ಇಳಯರಾಜಾ ಮಾಡಿದ ಯಾವುದಾದರೂ ಹಾಡನ್ನು ಫೋನಿನ ಸ್ಪೀಕರಿನಲ್ಲಿ ಹಾಕಿ. ಅಷ್ಟು ಚಿಕ್ಕ ಸ್ಪೀಕರಿನಿಂದ 41 ಹರ್ಟ್ಜ್ ಬರುವ ಪ್ರಶ್ನೆಯೇ ಇಲ್ಲ. ಆದರೂ ಬೇಸ್ ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಅಂತ ನೀವು ಗುನುಗಬಲ್ಲಿರಿ.

ದೊಡ್ಡವರೂ ಇದನ್ನೇ ನಂಬಿದ್ದಾರೆ. ಆಂಪೆಗ್ ಕಂಪನಿ 1969ರಲ್ಲಿ ತಂದ ಎಸ್‌ವಿಟಿ ಆಂಪ್ಲಿಫೈಯರ್ ಜೊತೆಗೆ 10 ಇಂಚಿನ ಎಂಟು ಸ್ಪೀಕರ್ ಇರುವ ಆಳೆತ್ತರದ ಡಬ್ಬಿ ಪ್ರಸಿದ್ಧ. ರಾಕ್ ಸಂಗೀತದ ವೇದಿಕೆಗಳಲ್ಲಿ ಹಿಂದೆ ಫ್ರಿಜ್‌ನಂತೆ ನಿಂತಿರುವುದು ಅದೇ. ಆ ಡಬ್ಬಿಯ ಈಗಿನ ಮಾದರಿಯ ವಿವರಪತ್ರದಲ್ಲೂ 3 ಡೆಸಿಬೆಲ್ ಇಳಿಯುವ ಬಿಂದು 58 ಹರ್ಟ್ಜ್ ಅಂತಿದೆ. 41ರಲ್ಲಿ ಅದೂ ಸಾಕಷ್ಟು ಕುಗ್ಗಿರುತ್ತೆ. ಹಾಗಾಗಿ "30 ಹರ್ಟ್ಜ್‌ವರೆಗೂ ಬರುತ್ತೆ" ಅಂತ ಬರೆದ ಚಿಕ್ಕ ಡಬ್ಬಿಗೆ ಮರುಳಾಗಬೇಡಿ. ಎಷ್ಟು ಡೆಸಿಬೆಲ್ ಇಳಿಕೆಯಲ್ಲಿ 30 ಅಂತ ಕೇಳಿ. 80ರಿಂದ 250 ಹರ್ಟ್ಜ್ ನಡುವೆ ಗಟ್ಟಿಯಾಗಿ, ಒಡೆಯದೆ ನುಡಿಯುವ ಡಬ್ಬಿ ನಮ್ಮಂಥವರಿಗೆ ಸಾಕು.

ಡಬ್ಬಿಯ ಮೇಲೆ ಏನು ಓದಬೇಕು?

ಅಂಗಡಿಯಲ್ಲಿ ಎಲ್ಲರೂ ನೋಡೋದು ವ್ಯಾಟ್. ನೀವು ಮೊದಲು ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನುವ ಅಂಕಿ. ಪವರ್ ಎರಡು ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಆದ್ದರಿಂದ 97 ಡೆಸಿಬೆಲ್‌ನ ಡಬ್ಬಿಗೆ 100 ವ್ಯಾಟ್ ಕೊಡುವುದೂ, 94 ಡೆಸಿಬೆಲ್‌ನ ಡಬ್ಬಿಗೆ 200 ವ್ಯಾಟ್ ಕೊಡುವುದೂ ಒಂದೇ. ಒಳ್ಳೆಯ ಡಬ್ಬಿ ಕೊಂಡರೆ ಅರ್ಧ ಆಂಪ್ಲಿಫೈಯರ್ ಪುಕ್ಕಟೆ ಬಂದ ಹಾಗೆ.

ಒಂದು ಲೆಕ್ಕ ಮಾಡಿ ನೋಡೋಣ. 90 ಡೆಸಿಬೆಲ್ ಸೆನ್ಸಿಟಿವಿಟಿಯ 8 ಇಂಚಿನ ಸ್ಪೀಕರ್ ಇರುವ 15 ವ್ಯಾಟ್‌ನ ಪ್ರಾಕ್ಟೀಸ್ ಆಂಪ್ ಇದೆ ಅಂದುಕೊಳ್ಳಿ. 15ರ ಲಾಗ್ ತೆಗೆದು ಹತ್ತರಿಂದ ಗುಣಿಸಿದರೆ ಸುಮಾರು 12. ಒಟ್ಟು 102 ಡೆಸಿಬೆಲ್. ಈಗ 97 ಡೆಸಿಬೆಲ್‌ನ, 10 ಇಂಚಿನ ಎರಡು ಸ್ಪೀಕರ್ ಇರುವ ಡಬ್ಬಿಗೆ 150 ವ್ಯಾಟ್ ಕೊಡಿ. 150ಕ್ಕೆ ಸುಮಾರು 22. ಒಟ್ಟು 119. ವ್ಯತ್ಯಾಸ 17 ಡೆಸಿಬೆಲ್. 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಎರಡು ಪಟ್ಟು ಜೋರು ಅನ್ನಿಸುತ್ತೆ ಅನ್ನುವುದು ರೂಢಿಯ ಅಂದಾಜು. ಆ ಪ್ರಕಾರ ಇದು ಮೂರು ಪಟ್ಟಿಗಿಂತ ಜೋರು. ಚಿಕ್ಕ ಸ್ಪೀಕರಿನ ಅಂಕಿ ಮಧ್ಯಮ ಆವರ್ತನದ್ದು, ಕೆಳಸ್ವರದಲ್ಲಿ ಅದು ಇನ್ನೂ ಕುಸಿಯುತ್ತೆ. ಡ್ರಮ್ಸ್ ಎದುರು ಪ್ರಾಕ್ಟೀಸ್ ಆಂಪ್ ಮುಳುಗುವುದಕ್ಕೆ ಕಾರಣ ಇದೇ.

ಚಿಕ್ಕ ಡಬ್ಬಿ, ಕೆಳಸ್ವರ, ಕಡಿಮೆ ಪವರ್‌ನಲ್ಲಿ ಜೋರು ಶಬ್ದ. ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಸ್ಪೀಕರ್ ಕಟ್ಟುವವರು ಇದನ್ನು ಹಾಫ್‌ಮನ್‌ನ ಉಕ್ಕಿನ ನಿಯಮ ಅಂತಾರೆ. ಬಸ್ಸಿನಲ್ಲಿ ಸಾಗಿಸುವ ನಮಗೆ ಡಬ್ಬಿ ಚಿಕ್ಕದಿರಬೇಕು, ಡ್ರಮ್ಸ್ ಎದುರು ಕೇಳಲೂಬೇಕು. ಹಾಗಾದರೆ ಬಿಟ್ಟುಕೊಡಬೇಕಾದ್ದು ತೀರಾ ಕೆಳಗಿನ ಆವರ್ತನವನ್ನು. ಕಾಣೆಯಾದ ಮೂಲಸ್ವರ ನಮ್ಮ ಕೈಹಿಡಿಯುವುದು ಇಲ್ಲೇ.

ಇನ್ನು ಓಮ್. 8 ಓಮ್‌ನ ಎರಡು ಡಬ್ಬಿಗಳನ್ನು ಪ್ಯಾರಲಲ್ ಜೋಡಿಸಿದರೆ 4 ಓಮ್, 4 ಓಮ್‌ನ ಎರಡಾದರೆ 2 ಓಮ್. ಆಂಪ್ಲಿಫೈಯರ್ ಮೇಲೆ 'ಕನಿಷ್ಠ 4 ಓಮ್' ಅಂತ ಇದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುತ್ತೆ. ಅದಕ್ಕೇ ಮೊದಲ ಡಬ್ಬಿಯನ್ನು 8 ಓಮ್‌ನದ್ದೇ ಕೊಳ್ಳಿ. ಮುಂದಿನ ವರ್ಷ ದುಡ್ಡು ಕೂಡಿದಾಗ ಅಂಥದ್ದೇ ಇನ್ನೊಂದನ್ನು ಸೇರಿಸಬಹುದು. ಆಗ ಆಂಪ್ ಕೊಡುವ ಪವರ್ ಹೆಚ್ಚುತ್ತೆ, ಗಾಳಿ ತಳ್ಳುವ ವಿಸ್ತೀರ್ಣ ಎರಡು ಪಟ್ಟಾಗುತ್ತೆ, ಎರಡೂ ಸೇರಿ ಕೆಳಸ್ವರದಲ್ಲಿ 6 ಡೆಸಿಬೆಲ್‌ವರೆಗೂ ಲಾಭ. ಜೋಡಿಸುವಾಗ ಒಂದರ ಪಕ್ಕ ಒಂದು ಬೇಡ, ಒಂದರ ಮೇಲೊಂದು ಇಡಿ. ಶಬ್ದ ಅಗಲಕ್ಕೆ ಚೆನ್ನಾಗಿ ಹರಡುತ್ತೆ, ನುಡಿಸುವವರ ಕಿವಿಗೂ ತಲುಪುತ್ತೆ. ಆಂಪಿನಿಂದ ಡಬ್ಬಿಗೆ ಗಿಟಾರ್ ಕೇಬಲ್ ಹಾಕಬೇಡಿ. ಅದರ ತಂತಿ ತೆಳು, ಬಿಸಿಯಾಗುತ್ತೆ. ಸ್ಪೀಕರ್ ಕೇಬಲ್ಲೇ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹಳೆಯ ಡಬ್ಬಿ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಲ್ಯಾಬಿನಿಂದ ಕಲಿತದ್ದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: ಒಂದು ಮಲ್ಟಿಮೀಟರ್, ಒಂದು ಒಂದೂವರೆ ವೋಲ್ಟಿನ ಸೆಲ್, ಸಿಗ್ನಲ್ ಜನರೇಟರ್ ಆ್ಯಪ್ ಇರುವ ಫೋನ್.

8 ಓಮ್ ಸ್ಪೀಕರಿನ ಡಿಸಿ ರೆಸಿಸ್ಟೆನ್ಸ್ ಮೀಟರಿನಲ್ಲಿ ಸುಮಾರು 5.5ರಿಂದ 7 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಒಳಗಿನ ತಂತಿ ಬಿಟ್ಟಿದೆ. ಎರಡೂ ಕೈಯ ಬೆರಳುಗಳಿಂದ ಕೋನ್ ಅನ್ನು ಸಮವಾಗಿ, ಮೆಲ್ಲಗೆ ಒತ್ತಿ. ಗರಗರ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ. ಸೆಲ್ಲಿನ ಪ್ಲಸ್ ಅನ್ನು ಸ್ಪೀಕರಿನ ಪ್ಲಸ್‌ಗೆ ಕ್ಷಣಕಾಲ ಮುಟ್ಟಿಸಿದರೆ ಸಾಮಾನ್ಯವಾಗಿ ಕೋನ್ ಮುಂದಕ್ಕೆ ಬರುತ್ತೆ. ಎರಡು ಸ್ಪೀಕರಿನ ಡಬ್ಬಿಯಲ್ಲಿ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋದರೆ ಯಾರೋ ರಿಪೇರಿ ಮಾಡುವಾಗ ತಂತಿ ಉಲ್ಟಾ ಹಾಕಿದ್ದಾರೆ. ಅಂಥ ಡಬ್ಬಿಯಲ್ಲಿ ಒಂದರ ಬೇಸನ್ನು ಇನ್ನೊಂದು ತಿಂದುಹಾಕುತ್ತೆ. "ಬೇಸೇ ಬರಲ್ಲ" ಅಂತ ಕಡಿಮೆ ಬೆಲೆಗೆ ಮಾರುತ್ತಿದ್ದರೆ ನಿಮ್ಮ ಅದೃಷ್ಟ, ಎರಡು ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಕೊನೆಗೆ ಕಡಿಮೆ ವಾಲ್ಯೂಮಿನಲ್ಲಿ 40ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸಿ. ಸಡಿಲ ಸ್ಕ್ರೂ, ಬಿರುಕು ಬಿಟ್ಟ ಮೂಲೆ ಎಲ್ಲಿದ್ದರೂ ಗಡಗಡ ಅಂತ ತಾನಾಗಿಯೇ ಹೇಳುತ್ತೆ.

ಬಡಿಗೇರರ ಹತ್ತಿರ ಮಾಡಿಸಿದರೆ?

ನಮ್ಮ ಕಡೆಗೆ ಇದು ಒಳ್ಳೆಯ ದಾರಿ. ಸ್ಪೀಕರನ್ನು ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ತಂದು, ಡಬ್ಬಿಯನ್ನು ಊರಲ್ಲೇ ಕಟ್ಟಿಸಬಹುದು. ಉತ್ತರ ಕನ್ನಡದವರಿಗೆ ಮರ ಅಂದರೆ ಸಾಗುವಾನಿ. ಆದರೆ ಸ್ಪೀಕರ್ ಡಬ್ಬಿಗೆ ಸಾಗುವಾನಿ ಹಲಗೆ ಬೇಡ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತೆ, ಸಂದು ಬಿಡುತ್ತೆ. ಪದರಗಳನ್ನು ಅಡ್ಡಡ್ಡ ಅಂಟಿಸಿದ ಪ್ಲೈವುಡ್ ಹೆಚ್ಚು ಸ್ಥಿರ. 18 ಮಿ.ಮೀ. ದಪ್ಪದ ಒಳ್ಳೆಯ ಪ್ಲೈವುಡ್, ಒಳಗೆ ಅಡ್ಡಪಟ್ಟಿ, ಸಂದುಗಳಿಗೆ ಅಂಟು, ಹೊರಗೆ ನೀರು ಹಿಡಿಯದ ಬಣ್ಣ. ಮರದ ಪುಡಿ ಒತ್ತಿ ಮಾಡಿದ ಹಲಗೆ ಅಗ್ಗ. ಆದರೆ ನಮ್ಮ ಜೂನ್‌–ಸೆಪ್ಟೆಂಬರ್ ತೇವಕ್ಕೆ ಉಬ್ಬಿ, ಸ್ಕ್ರೂ ಕಿತ್ತುಬರುತ್ತೆ.

ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ರಂಧ್ರವಿರುವ ಡಬ್ಬಿಗಳ ಬಗ್ಗೆ ಪ್ರಬಂಧ ಬರೆದರು, ಮುಂದೆ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಒಳ್ಳೆಯ ಸ್ಪೀಕರ್ ಜೊತೆಗೆ ಬರುವ ಥೀಲ್–ಸ್ಮಾಲ್ ಅಂಕಿಗಳನ್ನು ವಿನ್‌ಐಎಸ್‌ಡಿಯಂಥ ಉಚಿತ ಸಾಫ್ಟ್‌ವೇರಿಗೆ ಕೊಟ್ಟರೆ ಎಷ್ಟು ಲೀಟರ್ ಡಬ್ಬಿ, ಎಷ್ಟು ಉದ್ದದ ಕೊಳವೆ ಅಂತ ಹೇಳುತ್ತೆ. ಕೊಳವೆಯ ಲೆಕ್ಕ ನಮಗೆ ಗೊತ್ತಿರುವ ಹೆಲ್ಮ್‌ಹೋಲ್ಟ್ಜ್ ರೆಸೊನೇಟರಿನದ್ದೇ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬರುವ 'ಭೂಂ' ಕೂಡ ಅದೇ. ಉದಾಹರಣೆಗೆ 100 ಲೀಟರ್ ಡಬ್ಬಿಯನ್ನು 45 ಹರ್ಟ್ಜ್‌ಗೆ ಶ್ರುತಿ ಮಾಡಲು 10 ಸೆಂ.ಮೀ. ಒಳವ್ಯಾಸದ ಎರಡು ಪಿವಿಸಿ ಕೊಳವೆ, ತಲಾ ಸುಮಾರು 16 ಸೆಂ.ಮೀ. ಉದ್ದ ಬೇಕು. ಮೊದಲು ಸ್ವಲ್ಪ ಉದ್ದವೇ ಇಟ್ಟು ಕತ್ತರಿಸುತ್ತಾ ಬನ್ನಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸೋದು ಕಷ್ಟ.

ಇಲ್ಲೊಂದು ಎಚ್ಚರಿಕೆ. ರಂಧ್ರವಿರುವ ಡಬ್ಬಿಯಲ್ಲಿ ಶ್ರುತಿಗಿಂತ ಕೆಳಗಿನ ಆವರ್ತನ ಬಂದರೆ ಒಳಗಿನ ಗಾಳಿ ಕೋನ್ ಅನ್ನು ಹಿಡಿದಿಡುವುದಿಲ್ಲ. ಕೋನ್ ಹುಚ್ಚಾಪಟ್ಟೆ ಸರಿಯುತ್ತೆ, ಶಬ್ದ ಬರೋದಿಲ್ಲ, ಸ್ಪೀಕರ್ ಮಾತ್ರ ಹಾಳಾಗುತ್ತೆ. ಇದು ಪೆಡಲ್ ಆರಿಸುವಾಗ ನೆನಪಿರಲಿ.

ಪುಕ್ಕಟೆ ಬೇಸ್

ಡಬ್ಬಿಯನ್ನು ಕುರ್ಚಿ ಮೇಲೆ ಇಡುವ ಬದಲು ನೆಲದ ಮೇಲೆ, ಗೋಡೆಗೆ ತಾಗಿಸಿ ಇಟ್ಟರೆ ಕೆಳಸ್ವರ ಗಟ್ಟಿಯಾಗುತ್ತೆ. ಗೋಡೆಯಿಂದ 1 ಮೀಟರ್ ಮುಂದೆ ಇಟ್ಟರೆ ಹಿಂದೆ ಹೋಗಿ ಮರಳಿದ ಅಲೆ ಸುಮಾರು 86 ಹರ್ಟ್ಜ್‌ನಲ್ಲಿ ನೇರ ಅಲೆಯನ್ನು ಕಡಿಯುತ್ತೆ, ಅದೂ ನಮಗೆ ತುಂಬ ಬೇಕಾದ ಜಾಗದಲ್ಲಿ. ಹಾಗೆಯೇ ಹದಿನಾಲ್ಕು ಅಡಿ, ಅಂದರೆ ಸುಮಾರು 4.2 ಮೀಟರ್ ಉದ್ದದ ಕೋಣೆಯ ಮೊದಲ ಅನುರಣನ 41 ಹರ್ಟ್ಜ್ ಆಸುಪಾಸು. ಅಂಥ ಕೋಣೆಯಲ್ಲಿ 'ಇ' ತಂತಿ ಮಾತ್ರ ಗುಂಯ್ ಅಂತ ತುಂಬಿಕೊಂಡು ಉಳಿದವು ತೆಳುವಾಗಿ ಕೇಳಿದರೆ ಗಿಟಾರ್ ಕೆಟ್ಟಿದೆ ಅಂತ ಬೈಯಬೇಡಿ. ನೀವು ನಿಂತ ಜಾಗ ಬದಲಿಸಿ ನೋಡಿ.

ಈಗ ಪೆಡಲ್

ಪ್ರತಿಯೊಂದು ಪೆಡಲ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ಇದು ಕೊಡುವ ಆವರ್ತನವನ್ನು ನನ್ನ ಡಬ್ಬಿ ನುಡಿಸಬಲ್ಲದಾ? ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಕ್ರಮ ಹೀಗೆ.

ಮೊದಲನೆಯದು ಟ್ಯೂನರ್. ಶ್ರುತಿ ತಪ್ಪಿದ ಬೇಸ್ ಇಡೀ ಬ್ಯಾಂಡನ್ನೇ ಬೇಸೂರ್ ಮಾಡುತ್ತೆ. ತಲೆಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ಟ್ಯೂನರ್ ಸಾಕು.

ಎರಡನೆಯದು ಡಿಐ ಇರುವ ಪ್ರಿಆಂಪ್. ಬೇಸ್ ಗಿಟಾರಿನ ಪಿಕಪ್‌ಗೆ ಎದುರಿನ ಇನ್‌ಪುಟ್ ಇಂಪಿಡೆನ್ಸ್ 1 ಮೆಗಾಓಮ್ ಆಸುಪಾಸು ಇರಬೇಕು. ನೇರ ಮಿಕ್ಸರಿನ 10 ಕಿಲೋಓಮ್ ಲೈನಿಗೆ ಚುಚ್ಚಿದರೆ ಸ್ವರ ಸಪ್ಪೆಯಾಗುತ್ತೆ. ಡಿಐ ಈ ಹೊಂದಾಣಿಕೆ ಮಾಡಿ, ಉದ್ದದ ಕೇಬಲ್‌ನಲ್ಲೂ ಗುಂಯ್‌ಗುಡದ ಬ್ಯಾಲೆನ್ಸ್ಡ್ ಸಿಗ್ನಲ್ ಕೊಡುತ್ತೆ. ಗಣಪತಿ ಪೆಂಡಾಲಿನಲ್ಲೋ ಕಾಲೇಜು ಫೆಸ್ಟಿನಲ್ಲೋ ದೊಡ್ಡ ಸೌಂಡ್ ಸಿಸ್ಟಂ ಹೇಗೂ ಇರುತ್ತೆ. ನಿಮ್ಮ ಹತ್ತಿರ ಡಿಐ ಇದ್ದರೆ ಮೈಕ್‌ಸೆಟ್‌ನವರ 18 ಇಂಚಿನ ಸ್ಪೀಕರುಗಳೇ ನಿಮ್ಮ ಕ್ಯಾಬಿನೆಟ್. ಬೆಹ್ರಿಂಗರ್ ಬಿಡಿಐ21 ಈ ವರ್ಗದ ಅಗ್ಗದ ಮಾದರಿ. ಶುದ್ಧ ಸ್ವರವನ್ನೂ ಒರಟು ಸ್ವರವನ್ನೂ ಬೆರೆಸುವ ಬ್ಲೆಂಡ್ ಗುಬ್ಬಿಯೂ ಅದರಲ್ಲಿದೆ.

ಮೂರನೆಯದು ಹೈಪಾಸ್ ಫಿಲ್ಟರ್ ಅಥವಾ ಈಕ್ವಲೈಸರ್. ಬೇಸ್ ನುಡಿಸುವವರು ಬೇಸ್ ಕತ್ತರಿಸುವುದಾ ಅಂತ ನಗಬೇಡಿ. ಡಬ್ಬಿ ನುಡಿಸಲಾರದ 35 ಹರ್ಟ್ಜ್ ಕೆಳಗಿನ ಕಸವನ್ನು ತೆಗೆದರೆ ಆಂಪಿನ ಪವರ್ ಉಳಿಯುತ್ತೆ, ಕೋನ್ ಹುಚ್ಚಾಪಟ್ಟೆ ಸರಿಯೋದು ನಿಲ್ಲುತ್ತೆ, ಅದೇ ಡಬ್ಬಿಯನ್ನು ಇನ್ನಷ್ಟು ಜೋರಾಗಿ ನುಡಿಸಬಹುದು. ಎರಡು ಆಪ್‌ಆಂಪ್, ಒಂದಿಷ್ಟು ರೆಸಿಸ್ಟರ್, ಕೆಪಾಸಿಟರ್ ಇದ್ದರೆ ಇಸಿ ಗೆಳೆಯರು ಇದನ್ನು ಮಿನಿ ಪ್ರಾಜೆಕ್ಟ್ ಆಗಿಯೇ ಕಟ್ಟಬಹುದು.

ನಾಲ್ಕನೆಯದು ಕಂಪ್ರೆಸರ್. ಜೋರಾದ ಸ್ವರವನ್ನು ತಗ್ಗಿಸಿ, ಮೆಲ್ಲನೆಯದನ್ನು ಎತ್ತಿ ಸಮ ಮಾಡುತ್ತೆ. ಕೈ ಪಳಗುವವರೆಗೆ ಕಾಯಬಹುದು. ಬೆರಳಿನ ಹದವೇ ಮೊದಲ ಕಂಪ್ರೆಸರ್.

ಐದನೆಯದು ಓವರ್‌ಡ್ರೈವ್. ಇದು ಹೊಸ ಹಾರ್ಮೋನಿಕ್‌ಗಳನ್ನು ಹುಟ್ಟಿಸುವುದರಿಂದ ಚಿಕ್ಕ ಡಬ್ಬಿಯಲ್ಲೂ ಬೇಸ್ ಎದ್ದು ಕೇಳುತ್ತೆ. ಮಠದ ಮಂತ್ರದ ಪಾಠ ಮತ್ತೆ ಇಲ್ಲಿ ಉಪಯೋಗಕ್ಕೆ ಬಂತು. ಆದರೆ ಲೀಡ್ ಗಿಟಾರಿನವರ ಪೆಡಲ್ ಎರವಲು ತರುವ ಮುನ್ನ ಯೋಚಿಸಿ. ಪ್ರಸಿದ್ಧ ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟಿನ ಕ್ಲಿಪ್ಪಿಂಗ್ ಹಂತದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇವೆ. ಆರ್‌ಸಿ ಸೂತ್ರ ಹಾಕಿದರೆ 720 ಹರ್ಟ್ಜ್. ಅದಕ್ಕಿಂತ ಕೆಳಗೆ ಗೇನ್ ಇಳಿಯುತ್ತಾ ಹೋಗುತ್ತೆ. ಗಿಟಾರಿಗೆ ಅದು ಚೆಂದ, ಬೇಸಿಗೆ ಹೊಟ್ಟೆಯೇ ಮಾಯ. ಬ್ಲೆಂಡ್ ಇರುವ, ಬೇಸಿಗಾಗಿಯೇ ಮಾಡಿದ ಓವರ್‌ಡ್ರೈವ್ ಕೊಳ್ಳಿ.

ಕೊನೆಯದು ಆಕ್ಟೇವ್. ಬಾಸ್ ಕಂಪನಿಯ 1982ರ ಓಸಿ-2 ಈ ಬಗೆಯ ಹೆಸರುವಾಸಿ ಪೆಡಲ್. ಅಲೆಯ ಸುತ್ತುಗಳನ್ನು ಎಣಿಸಿ ಫ್ಲಿಪ್‌ಫ್ಲಾಪ್‌ನಿಂದ ಎರಡರಿಂದ ಭಾಗಿಸುವುದೇ ಇಂಥ ಅನಲಾಗ್ ಪೆಡಲುಗಳ ಗುಟ್ಟು. ಭಿಕ್ಷುಗಳ ಗಂಟಲಿನಲ್ಲಿ ನಡೆಯುವುದೂ ಒಂದು ರೀತಿಯಲ್ಲಿ ಇದೇ ಭಾಗಾಕಾರ. ಆದರೆ ಖಾಲಿ 'ಇ' ತಂತಿಗೆ ಇದನ್ನು ಹಾಕಿದರೆ ಬರೋದು 20.6 ಹರ್ಟ್ಜ್. ನಿಮ್ಮ ಡಬ್ಬಿಗೆ ಅದು ಕೇಳಿಸದ ವ್ಯಾಯಾಮ ಮಾತ್ರ. ತೆಳು ತಂತಿಯಲ್ಲಿ ಬಳಸಿ. 98 ಹರ್ಟ್ಜ್‌ನ ಕೆಳಗೆ 49 ಹರ್ಟ್ಜ್ ಸೇರಿದಾಗ ನಿಜಕ್ಕೂ ಮಜಾ ಇದೆ.

ಇಷ್ಟೆಲ್ಲ ಬಿಡಿಬಿಡಿ ಬೇಡ ಅಂದರೆ ಜೂಮ್ ಬಿ1 ಫೋರ್‌ನಂಥ ಒಂದು ಮಲ್ಟಿ ಎಫೆಕ್ಟ್ ತಗೊಳ್ಳಿ. ಟ್ಯೂನರ್, ಕಂಪ್ರೆಸರ್, ಓವರ್‌ಡ್ರೈವ್, ಆಕ್ಟೇವ್, ತಾಳಕ್ಕೆ ರಿದಂ ಎಲ್ಲ ಒಂದರಲ್ಲೇ. ಹೆಡ್‌ಫೋನ್ ಹಾಕಿ ನುಡಿಸಿದರೆ ರೂಮ್‌ಮೇಟ್ ನಿದ್ದೆಯೂ ಕೆಡಲ್ಲ. ಪೆಡಲುಗಳಿಗೆ ಹೆಚ್ಚಾಗಿ ಬೇಕಾಗುವುದು 9 ವೋಲ್ಟ್, ನಡುಪಿನ್ ನೆಗೆಟಿವ್ ಇರುವ ಅಡಾಪ್ಟರ್. ಕೊಳ್ಳುವ ಮುಂಚೆ ಪ್ರತಿ ಪೆಡಲಿನ ಮಿಲಿಆಂಪ್ ಕೂಡಿಸಿ. ಡಿಜಿಟಲ್ ಪೆಡಲ್ ಒಂದೇ 500 ಮಿಲಿಆಂಪ್ ಕೇಳಬಹುದು.

ಅರ್ಥಿಂಗ್: ಇಲ್ಲಿ ಮಾತ್ರ ಉಳಿತಾಯ ಬೇಡ

1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ತೀರಿಕೊಂಡರು. ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿದ್ದೇ ಕಾರಣ. ನಮ್ಮ ಕಡೆ ಮಳೆಗಾಲದ ಒದ್ದೆ ನೆಲ, ಜನರೇಟರ್, ಜೋಡಿಸಿ ಜೋಡಿಸಿ ಉದ್ದ ಮಾಡಿದ ವೈರು ಎಲ್ಲ ಸೇರುತ್ತವೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ. ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ದಾರಿ ನಮ್ಮ ಎದೆಯ ಮೂಲಕ.

ಗುಂಯ್ ಸದ್ದು ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಯಾವತ್ತೂ ತೆಗೆಯಬೇಡಿ. ಆ ಸದ್ದಿಗೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದು ಆಡಿಯೋ ಕೇಬಲ್‌ನ ಗ್ರೌಂಡನ್ನು ಮಾತ್ರ ಬಿಡಿಸುತ್ತೆ, ಕರೆಂಟಿನ ಅರ್ಥನ್ನಲ್ಲ. ಬ್ಯಾಂಡಿನ ಎಲ್ಲ ಉಪಕರಣಕ್ಕೂ ಒಂದೇ ಕಡೆಯಿಂದ ಲೈನ್ ತಗೊಳ್ಳಿ. 30 ಮಿಲಿಆಂಪ್‌ನ ಆರ್‌ಸಿಸಿಬಿ ಇರುವ ಬೋರ್ಡ್ ಒಂದನ್ನು ಎಲೆಕ್ಟ್ರಿಕಲ್ ಗೆಳೆಯರಿಂದ, ಲ್ಯಾಬ್ ಸಿಬ್ಬಂದಿಯ ಎದುರೇ ಮಾಡಿಸಿಕೊಳ್ಳಿ. ಹಾಡು ಶುರು ಮಾಡುವ ಮೊದಲು ಗಿಟಾರಿನ ಜಾಕಿಗೂ ಮೈಕಿನ ಜಾಲರಿಗೂ ನಡುವೆ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟೇಜ್ ನೋಡಿ. ಹತ್ತಾರು ವೋಲ್ಟ್ ತೋರಿಸಿದರೆ ಸರಿಪಡಿಸುವವರೆಗೆ ನುಡಿಸಬೇಡಿ. ಜನ ಕಾಯುತ್ತಿದ್ದಾರೆ, ಆಯೋಜಕರು ಅವಸರ ಮಾಡುತ್ತಿದ್ದಾರೆ ಅನ್ನೋದು ಕಾರಣ ಆಗಬಾರದು.

ದುಡ್ಡನ್ನು ಹೇಗೆ ಹಂಚೋದು?

ಬೆಲೆಗಳು ಬದಲಾಗುತ್ತಲೇ ಇರುತ್ತವೆ, ಅದಕ್ಕೆ ಪಾಲು ಹೇಳ್ತೇವೆ.

ಹಾಸ್ಟೆಲ್ ರೂಮಿನಲ್ಲಿ ಕಲಿಯುವುದಷ್ಟೇ ಇದ್ದರೆ ಮಲ್ಟಿ ಎಫೆಕ್ಟ್ ಮತ್ತು ಹೆಡ್‌ಫೋನ್ ಸಾಕು. ಡಬ್ಬಿಗೆ ಒಂದು ರೂಪಾಯಿಯೂ ಬೇಡ. ಫೆಸ್ಟು, ಪೆಂಡಾಲುಗಳಲ್ಲಿ ಮಾತ್ರ ನುಡಿಸೋದಾದರೆ ಡಿಐ ಪ್ರಿಆಂಪ್, ಟ್ಯೂನರ್ ಮತ್ತು ಎರಡು ಒಳ್ಳೆಯ ಕೇಬಲ್. ವಾರಕ್ಕೆರಡು ಸಲ ಡ್ರಮ್ಸ್ ಜೊತೆ ಪ್ರಾಕ್ಟೀಸ್ ಇರುವ ಸ್ವಂತ ಬ್ಯಾಂಡ್ ಆದರೆ ನೂರರಲ್ಲಿ 70 ಪಾಲು ಡಬ್ಬಿ ಮತ್ತು ಆಂಪಿಗೆ, 15 ಡಿಐ ಪ್ರಿಆಂಪಿಗೆ, 10 ಕೇಬಲ್ ಮತ್ತು ಕರೆಂಟಿನ ಸುರಕ್ಷತೆಗೆ, 5 ಟ್ಯೂನರಿಗೆ. ಬಣ್ಣದ ಪೆಡಲುಗಳಿಗೆ ಮುಂದಿನ ವರ್ಷದ ಬಹುಮಾನದ ದುಡ್ಡು ಇದ್ದೇ ಇದೆ, ಗೆದ್ದರೆ.

ಇನ್ನೊಂದು ಮಾತು. ಡಬ್ಬಿ ಮತ್ತು ಆಂಪನ್ನು ಒಬ್ಬರೇ ಕೊಳ್ಳಬೇಕು ಅಂತ ಏನಿಲ್ಲ. ಲೀಡ್ ಗಿಟಾರಿನವರ ಸ್ವರ ಅವರ ಸ್ವಂತದ್ದು, ಬೇಸ್ ಮಾತ್ರ ಇಡೀ ಬ್ಯಾಂಡಿನ ನೆಲಗಟ್ಟು. ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್ ಥರದ ನಮ್ಮ ಕನ್ನಡದ ತಂಡಗಳನ್ನು ಕೇಳುವಾಗ ಬೇಸ್ ಇರುವ ಕಡೆ ಗಮನವಿಟ್ಟು ಕೇಳಿ. ಕುಣಿಯೋಕೆ ಕಾಲು ಏಳೋದು ಯಾವುದಕ್ಕೆ ಅಂತ ಗೊತ್ತಾಗುತ್ತೆ. ಐದು ಜನ ಸೇರಿ ಡಬ್ಬಿಗೆ ದುಡ್ಡು ಹಾಕಿ. ಪಾಸಾಗಿ ಹೋಗುವಾಗ ಅದನ್ನು ಜೂನಿಯರ್‌ಗಳಿಗೆ ಬಿಟ್ಟುಹೋಗಿ. ಪ್ಲೈವುಡ್ ಒಳ್ಳೆಯದಿದ್ದು, ಮಳೆಗಾಲದಲ್ಲಿ ಒಣ ಜಾಗದಲ್ಲಿ ಇಟ್ಟರೆ ನಾಲ್ಕಾರು ಬ್ಯಾಚ್‌ಗೆ ಅದು ಬರುತ್ತೆ.

ಲೆಕ್ಕದಲ್ಲಿ ಎಲ್ಲಾದರೂ ಅನುಮಾನ ಬಂದರೆ, ಅಥವಾ ಡಬ್ಬಿ ಕಟ್ಟಿಸಲು ಬಡಿಗೇರರ ಹತ್ತಿರ ಹೋಗುವವರಿದ್ದರೆ, ಸಂಜೆ ಪ್ರಾಕ್ಟೀಸ್ ಹೊತ್ತಿಗೆ ಬನ್ನಿ. ಮಲ್ಟಿಮೀಟರ್ ನಮ್ಮ ಹತ್ತಿರ ಇದೆ, ಸೆಲ್ ಮಾತ್ರ ನೀವೇ ತನ್ನಿ.